ಓಕ್ ಮೇಜು ಮತ್ತು ‘ಮಧ್ಯಯುಗ’ದ ಕಲ್ಪನೆ

ಇಂಗ್ಲೆಂಡಿನ ‘ಆರ್ಟ್ಸ್ ಅಂಡ್ ಕ್ರಾಫ್ಟ್ಸ್’ ಚಳವಳಿಗೆ ಸೇರಿದ ಓಕ್ ಮರದ ಬರವಣಿಗೆ ಮೇಜೊಂದನ್ನು ಪರಿಶೀಲಿಸುವವರಿಗೆ ಮೊದಲು ಕಾಣುವುದು ಅದರ ಜೋಡಣೆ. ಕಾಲಿನಲ್ಲಿ ಕೊರೆದ ಕಂಡಿಯನ್ನು ದಾಟಿ ಅಡ್ಡಪಟ್ಟಿಯ ತುದಿ ಆಚೆಗೆ ಇಣುಕುತ್ತದೆ. ಹಲಗೆಗಳು ಕೂಡುವ ಮೂಲೆಯಲ್ಲಿ ಪಾರಿವಾಳದ ಬಾಲದಂತಹ ಹೊಂದಿಕೆಯನ್ನು ಮರೆಮಾಡಿಲ್ಲ. ಮರದ ರೇಖೆಗಳೇ ಅಲಂಕಾರ. ಸಿಡ್ನಿ ಬಾರ್ನ್ಸ್‌ಲಿಯಂತೂ (1865–1926) ಮೇಜಿನ ಕಾಲುಗಳನ್ನು ಬಿಗಿಯುವ ಪಟ್ಟಿಗೆ ಒಣಹುಲ್ಲು ಬಾಚುವ ಸಲಕರಣೆಯ ಆಕಾರವನ್ನೇ ಕೊಟ್ಟನು.

ಈ ಪ್ರಾಮಾಣಿಕತೆಗೆ ಒಂದು ಪಠ್ಯಮೂಲವಿದೆಯೆಂಬುದು ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಮುಖ್ಯ. ಜಾನ್ ರಸ್ಕಿನ್ 1853ರಲ್ಲಿ ಪ್ರಕಟವಾದ ‘ದಿ ಸ್ಟೋನ್ಸ್ ಆಫ್ ವೆನಿಸ್’ ಕೃತಿಯ ಎರಡನೆಯ ಸಂಪುಟದಲ್ಲಿ, ಗಾಥಿಕ್ ಶಿಲ್ಪಿಯ ಒರಟುತನದಲ್ಲಿ ಅವನ ಸ್ವಾತಂತ್ರ್ಯವನ್ನೂ ಯಂತ್ರಯುಗದ ನುಣುಪಿನಲ್ಲಿ ದಾಸ್ಯವನ್ನೂ ಕಂಡನು. ಆ ಅಧ್ಯಾಯವನ್ನು ವಿಲಿಯಂ ಮಾರಿಸ್ 1892ರಲ್ಲಿ ತನ್ನ ಕೆಲ್ಮ್‌ಸ್ಕಾಟ್ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದನು. ಸಿ. ಆರ್. ಆಶ್‌ಬಿ 1888ರಲ್ಲಿ ಪೂರ್ವ ಲಂಡನ್ನಿನಲ್ಲಿ ಕುಶಲಕರ್ಮಿಗಳ ಶ್ರೇಣಿಯೊಂದನ್ನು ಕಟ್ಟಿ, 1902ರಲ್ಲಿ ಚಿಪ್ಪಿಂಗ್ ಕ್ಯಾಂಪ್ಡನ್ ಎಂಬ ಹಳ್ಳಿಯೂರಿಗೆ ಒಯ್ದನು. ಆರೇಳು ವರ್ಷಗಳಲ್ಲಿ ಅದು ದಿವಾಳಿಯಾಯಿತು. ಕೈಗೆಲಸದ ಮೇಜನ್ನು ಕೊಳ್ಳಬಲ್ಲವರು ಉಳ್ಳವರು ಮಾತ್ರ. ದುಡಿಯುವವನಿಗಾಗಿ ಹುಟ್ಟಿದ ಸಿದ್ಧಾಂತಕ್ಕೆ ಇದು ಸಣ್ಣ ತೊಡಕಲ್ಲ.

ಆದರೆ ಸಿದ್ಧಾಂತವು ದಿವಾಳಿಯಾಗಲಿಲ್ಲ. ಕ್ಯಾಂಪ್ಡನ್ನಿನ ಬಳಿಯೇ ನೆಲೆಸಿದ್ದ ಆನಂದ ಕುಮಾರಸ್ವಾಮಿ ತಮ್ಮ ‘ಮಿಡೀವಲ್ ಸಿಂಹಳೀಸ್ ಆರ್ಟ್’ (1908) ಗ್ರಂಥವನ್ನು ಮಾರಿಸನು ಬಳಸಿದ್ದ ಅಚ್ಚುಯಂತ್ರದಲ್ಲೇ ಮುದ್ರಿಸಿದರು. ಅವರ ‘ದಿ ಇಂಡಿಯನ್ ಕ್ರಾಫ್ಟ್ಸ್‌ಮನ್’ (1909) ಕೃತಿಗೆ ಮುನ್ನುಡಿ ಬರೆದವನು ಆಶ್‌ಬಿ. ಗಮನಾರ್ಹವಾದುದೆಂದರೆ, ಮೊದಲ ಗ್ರಂಥದ ಉಪಶೀರ್ಷಿಕೆಯೇ ಅದರ ಸಾಮಗ್ರಿ ಬಹುಮಟ್ಟಿಗೆ ಹದಿನೆಂಟನೆಯ ಶತಮಾನದ್ದೆಂದು ಹೇಳುತ್ತದೆ. ಇಲ್ಲಿ ‘ಮಧ್ಯಯುಗ’ವು ಕಾಲಸೂಚಕವಲ್ಲ, ಒಂದು ಜೀವನಕ್ರಮಕ್ಕೆ ಇಟ್ಟ ಹೆಸರು. ರಸ್ಕಿನ್ ಗಾಥಿಕ್‌ನಲ್ಲಿ ಕಂಡದ್ದನ್ನು ಕುಮಾರಸ್ವಾಮಿಯವರು ಕ್ಯಾಂಡಿಯಲ್ಲಿ ಕಂಡರು.

ಪೇಟೆಯ ಆಸೆಯಿಲ್ಲದ, ಹೆಸರು ಬಯಸದ ಭಾರತೀಯ ಶಿಲ್ಪಿಯ ಚಿತ್ರವು ನಮ್ಮ ಸಂಶೋಧನ ಪ್ರಬಂಧಗಳಲ್ಲಿ ಇಂದಿಗೂ ಪ್ರಮಾಣವಿಲ್ಲದೆ ಬರುವುದುಂಟು. ಅದರ ವಂಶಾವಳಿಯಲ್ಲಿ ಈ ಓಕ್ ಮೇಜಿನ ಊರೂ ಇದೆಯೆಂದು ನಾವು ಭಾವಿಸುತ್ತೇವೆ. ಬೇಲೂರಿನ ಹನ್ನೆರಡನೆಯ ಶತಮಾನದ ವಿಗ್ರಹಪೀಠಗಳಲ್ಲಾದರೋ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರುಗಳನ್ನು ಬಿರುದುಗಳ ಸಮೇತ ಕೆತ್ತಿಕೊಂಡಿದ್ದಾರೆ. ಪ್ರತಿಸ್ಪರ್ಧಿ ರೂವಾರಿಗಳನ್ನು ಹೀಗಳೆಯುವುದಕ್ಕೂ ಆ ಬಿರುದುಗಳು ಹಿಂಜರಿಯುವುದಿಲ್ಲ.