ಹಾಲು ಬಿಟ್ಟವರ ಅಡುಗೆ: ವಾರ್ಧಾದಿಂದ ನಾಗಪುರಕ್ಕೆ

ಪಾಸ್ತಾ ಪರದೇಶದ್ದು, ಓವನ್ನಿನಲ್ಲಿ ಬೇಯಿಸುವ ಕ್ರಮ ಪರದೇಶದ್ದು, ಹಾಲು-ತುಪ್ಪಗಳನ್ನೂ ತೊರೆಯುವ ‘ವೀಗನ್’ ವ್ರತವಂತೂ ನಿನ್ನೆ ಮೊನ್ನೆ ಬಂದ ಪರದೇಶದ್ದು. ಮೂರೂ ಕೂಡಿದ ಊಟವೊಂದು ಕನ್ನಡ ಮನೆಯ ಅಡುಗೆಮನೆಯನ್ನು ಹೊಕ್ಕಾಗ ಹೀಗೆ ಅನ್ನಿಸುವುದು ಸಹಜ. ನೌಕರಿಯ ನಿಮಿತ್ತ ನಾಗಪುರದಲ್ಲಿ ನೆಲೆಸಿರುವ ನಮಗೂ ಹಾಗೆಯೇ ಅನ್ನಿಸಿತು. ಒಂದೊಂದನ್ನೇ ಬಿಡಿಸಿ ನೋಡಿದರೆ ಮೊದಲಿನ ಎರಡು ನಮಗೆ ಬಹು ಹಳೆಯ ಪರಿಚಯದವು, ಕಠಿಣವಾದುದು ಮೂರನೆಯದೊಂದೇ. ಅದರ ಇತಿಹಾಸದ ಒಂದು ಅಧ್ಯಾಯ ನಡೆದದ್ದಾದರೂ ಇಲ್ಲಿಂದ ಸುಮಾರು 75 ಕಿಲೋಮೀಟರ್ ದೂರದ ವಾರ್ಧಾದಲ್ಲಿ.

ಅರಬ್ ಭೂಗೋಳಜ್ಞ ಅಲ್ ಇದ್ರೀಸಿ 1154ರಲ್ಲಿ ಮುಗಿಸಿದ ತನ್ನ ಗ್ರಂಥದಲ್ಲಿ, ಸಿಸಿಲಿಯ ಪಲೆರ್ಮೋ ಬಳಿಯ ತ್ರಾಬಿಯಾ ಎಂಬ ಊರಿನಲ್ಲಿ ಹಿಟ್ಟಿನ ಎಳೆಗಳನ್ನು ಮಾಡಿ ಹಡಗುಗಳಲ್ಲಿ ಹೊರನಾಡಿಗೆ ಕಳಿಸುತ್ತಿದ್ದರೆಂದು ಬರೆದಿದ್ದಾನೆ. ಪಾಸ್ತಾದ ಚರಿತ್ರೆ ಬರೆಯುವವರೆಲ್ಲ ಈ ಮಾತನ್ನು ಎತ್ತಿಕೊಳ್ಳುತ್ತಾರೆ. ಅದಕ್ಕೂ ನೂರಕ್ಕೆ ಮೀರಿದ ವರ್ಷಗಳ ಹಿಂದೆ, 1025ರ ಹೊತ್ತಿಗೆ, ಚಾವುಂಡರಾಯನೆಂಬ ಕನ್ನಡ ಕವಿ ತನ್ನ ‘ಲೋಕೋಪಕಾರ’ದಲ್ಲಿ ಶಾವಿಗೆಯನ್ನೂ ಅದನ್ನು ಒತ್ತುವ ಅಚ್ಚನ್ನೂ ಹೇಳಿದ್ದಾನೆ. ಯಾರು ಮೊದಲು ಎಂಬ ಜಗಳ ನಮಗೆ ಬೇಡ. ಅಂಥ ಜಗಳಗಳಿಂದ ಯಾರ ಹೊಟ್ಟೆಯೂ ತುಂಬಿದ್ದಿಲ್ಲ. ಇಟಲಿಯವರು ಪಾಸ್ತಾಕ್ಕೆ ಬಳಸುವ ಗಟ್ಟಿ ಗೋಧಿಯ ಜಾತಿಯೇ ನಮ್ಮ ಅಂಗಡಿಗಳ ಬನ್ಸಿ ರವೆಯದು ಎಂದು ತಿಳಿದರೆ ಸಾಕು, ಪೊಟ್ಟಣದೊಳಗಿನ ಪಾಸ್ತಾ ಅರ್ಧ ನೆಂಟನಾಗಿಬಿಡುತ್ತದೆ.

ಸುಡುವ ಕ್ರಮದ ಕಥೆ ಇನ್ನೂ ಹತ್ತಿರದ್ದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಸಿದ್ಧವಾದದ್ದು 1129ರ ಸುಮಾರಿಗೆ. ಅದರ ಅನ್ನಭೋಗದ ಭಾಗದಲ್ಲಿ, ಗೋಧಿಹಿಟ್ಟಿನ ಕಣಕವನ್ನು ಕೈಯಿಂದಲೇ ಹಿಗ್ಗಿಸಿ ಕಾದ ಮಣ್ಣಿನ ಪಾತ್ರೆಯ ಮೇಲೆ ಬೇಯಿಸುವ ‘ಮಂಡಕ’ದ ವರ್ಣನೆ ಬರುತ್ತದೆ. ಬೆಳಗಾವಿಯ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅವರ ಮಂಡಿಗೆ ಇದೇ. ನಾಗಪುರದಲ್ಲಿ ಬೋರಲು ಹಾಕಿದ ಮಡಕೆಯ ಮೇಲೆ ಹೆಂಗಸರು ತೋಳುದ್ದ ಇಳಿಬಿಟ್ಟು ಬೇಯಿಸುವ ‘ಲಂಬಿ ರೋಟಿ’ಯೂ ಇದರ ಒಡಹುಟ್ಟೇ. ಮನಸ್ಸಿನಲ್ಲಿ ಮಂಡಿಗೆ ಮೆಲ್ಲುವ ಗಾದೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಇರುವುದು ಸುಮ್ಮನೆ ಅಲ್ಲ. ಚಳಿಗಾಲದಲ್ಲಿ ವಿದರ್ಭದ ಕುಟುಂಬಗಳು ಹೊಲಕ್ಕೋ ಕಿತ್ತಳೆ ತೋಟಕ್ಕೋ ಹೋಗಿ, ಗೋಧಿಯ ‘ರೋಡಗೆ’ ಉಂಡೆಗಳನ್ನು ಬೆರಣಿಯ ಕೆಂಡದಲ್ಲಿ ಹುಗಿದು ಸುಟ್ಟು ಬದನೆಯ ಪಲ್ಯದೊಡನೆ ತಿನ್ನುತ್ತವೆ. ಗಂಡಸರು ಕೆಂಡ ನೋಡಿಕೊಳ್ಳುತ್ತಾರೆ, ಹೆಂಗಸರು ಕಣಕ ನಾದುತ್ತಾರೆ, ಮಕ್ಕಳು ಬೂದಿ ಕೊಡವುತ್ತಾರೆ. ಕುಟುಂಬವೆಲ್ಲ ಕೂಡಿ ಬೇಯಿಸುವ ಊಟಕ್ಕೆ ಇದಕ್ಕಿಂತ ಒಳ್ಳೆಯ ಮಾದರಿಯನ್ನು ನಾವು ಕಂಡಿಲ್ಲ.

ಉಳಿದದ್ದು ಹಾಲು.

ನಮ್ಮ ಮನೆಯ ಹುಡುಗಿ ಓದಲು ಹೊರಗೆ ಹೋದವಳು, ರಜೆಗೆ ಬಂದಾಗ ಹಾಲು, ಮೊಸರು, ತುಪ್ಪ ಮೂರನ್ನೂ ಬಿಟ್ಟಿದ್ದಳು. ಮೊಮ್ಮಗಳ ವಾದಕ್ಕೆ ಅಜ್ಜಿಯ ತಕರಾರೇನೂ ಇರಲಿಲ್ಲ. ಕರುವಿನ ಪಾಲನ್ನು ಕಸಿಯಬಾರದೆಂಬುದು ಅವರಿಗೂ ಒಪ್ಪಿಗೆಯೇ. ಅವರ ಸಂಕಟ ಬೇರೆ. “ಎಲಿ ಮ್ಯಾಲೆ ಅನ್ನಶುದ್ಧಿ ಬೀಳದ ಹೆಂಗ ಉಣ್ಣಾಕ ಹಾಕಲಿ, ಅವ್ವಾ?” ಎಂದರು. ತುಪ್ಪದ ಆ ಒಂದು ಹನಿ ಅವರಿಗೆ ರುಚಿಯ ಮಾತಾಗಿರಲಿಲ್ಲ. ಅನ್ನ ಊಟವಾಗುವುದು ಅದರಿಂದ. ಬಡಿಸುವವರ ಕೈಯ ಹರಕೆ ಉಣ್ಣುವವರನ್ನು ಮುಟ್ಟುವುದು ಅದರಿಂದ. ಹುಡುಗಿ, “ನಿನ್ನ ಕೈ ಮುಟ್ಟಿದರ ಸಾಕಲ್ಲ ಅಜ್ಜಿ,” ಎಂದಳು. ಅಜ್ಜಿ ಉತ್ತರ ಕೊಡಲಿಲ್ಲ. ಆ ಮೌನದ ಎದುರು ವೀಗನ್ ಪರವಾದ ನಮ್ಮ ಪುಸ್ತಕದ ವಾದಗಳೆಲ್ಲ ತೆಳುವಾಗಿ ಕಂಡವು.

‘ವೀಗನ್’ ಎಂಬ ಪದ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಡೊನಾಲ್ಡ್ ವಾಟ್ಸನ್ ಮತ್ತು ಅವನ ಜೊತೆಗಾರರು ‘ವೆಜಿಟೇರಿಯನ್’ ಪದದ ತಲೆಯನ್ನೂ ಬಾಲವನ್ನೂ ಕೂಡಿಸಿ ಅದನ್ನು ಮಾಡಿದರು. ಪದ ಹೊಸದು, ಇಕ್ಕಟ್ಟು ಹಳೆಯದು. ಗಾಂಧೀಜಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಗೆಳೆಯ ಕ್ಯಾಲೆನ್‌ಬಾಕ್ ಜೊತೆಗೆ ಹಾಲು ಬಿಟ್ಟದ್ದು 1912ರಲ್ಲಿ. ಕಲ್ಕತ್ತೆಯಲ್ಲಿ ಹಸು-ಎಮ್ಮೆಗಳ ಕೊನೆಯ ಹನಿಯನ್ನೂ ಹಿಂಡಲು ನಡೆಸುತ್ತಿದ್ದ ಹಿಂಸೆಯ ವಿವರಗಳನ್ನು ಓದಿದ್ದು ಅದಕ್ಕೆ ಒಂದು ಕಾರಣ. 1918ರಲ್ಲಿ ಖೇಡಾದಲ್ಲಿ ಸೈನ್ಯಕ್ಕೆ ಜನ ಸೇರಿಸುತ್ತ ತಿರುಗಿ ಆಮಶಂಕೆಗೆ ತುತ್ತಾಗಿ ಸಾವಿನ ಹತ್ತಿರ ಹೋದಾಗಲೂ ಹಾಲು ಮುಟ್ಟಲಿಲ್ಲ. ಕೊನೆಗೆ ವೈದ್ಯರು ಹಾಲಿಲ್ಲದೆ ಮೈ ಕಟ್ಟಲಾಗದು ಎಂದಾಗ, ಪಕ್ಕದಲ್ಲಿದ್ದ ಕಸ್ತೂರಬಾ ಮೇಕೆಯ ಹಾಲು ವ್ರತಕ್ಕೆ ಅಡ್ಡಬಾರದಲ್ಲ ಎಂದರು. ಗಾಂಧೀಜಿ ಒಪ್ಪಿದರು. ವ್ರತದ ಅಕ್ಷರ ಉಳಿಯಿತು, ಆತ್ಮ ಹೋಯಿತು ಎಂಬ ಕೊರಗನ್ನು ಆತ್ಮಕಥೆಯಲ್ಲಿ ತಾವೇ ತೋಡಿಕೊಂಡರು; ಹಾಲಿನ ಸ್ಥಾನ ತುಂಬಬಲ್ಲ ಸಸ್ಯವಸ್ತು ಬಲ್ಲವರು ತಿಳಿಸಿರೆಂದು ಓದುಗರನ್ನು ಬೇಡಿಕೊಂಡರು. ಇಡೀ ಪ್ರಸಂಗದಲ್ಲಿ ನಮ್ಮನ್ನು ತಡೆದು ನಿಲ್ಲಿಸುವವರು ಕಸ್ತೂರಬಾ. ಸಿದ್ಧಾಂತ ಗೆಲ್ಲಬೇಕೋ ಮನುಷ್ಯ ಬದುಕಬೇಕೋ ಎಂಬಲ್ಲಿ ಅವರಿಗೆ ಅನುಮಾನವಿರಲಿಲ್ಲ. ನಮ್ಮ ಅಜ್ಜಿ ಅವರ ಕುಲದವರು.

ಹೀಗೆ ಓದುಗರ ಮುಂದಿಟ್ಟ ಪ್ರಶ್ನೆಯನ್ನು ಗಾಂಧೀಜಿ ಮುಂದೆ ವಾರ್ಧಾಕ್ಕೂ ತಂದರು. ರಾಷ್ಟ್ರಕೂಟ ಮೂರನೆಯ ಕೃಷ್ಣನ 940ರ ತಾಮ್ರಪಟಗಳು ದೊರೆತ ದೇವಳಿ ಅದೇ ಜಿಲ್ಲೆಯಲ್ಲಿರುವುದರಿಂದ, ಇತಿಹಾಸದ ಹುಚ್ಚಿನ ಕನ್ನಡಿಗರಾದ ನಮಗೆ ವಾರ್ಧಾ ಎಂದರೆ ಮೊದಲು ನೆನಪಾಗುತ್ತಿದ್ದುದು ಆ ಪಟಗಳು; ಈಗ ಮಗನವಾಡಿಯ ಅಡುಗೆಮನೆ. ಜಮನಾಲಾಲ್ ಬಜಾಜರು ಬಿಟ್ಟುಕೊಟ್ಟ ಕಿತ್ತಳೆ ತೋಟದ ಆ ಮನೆಯಲ್ಲಿ ಗ್ರಾಮೋದ್ಯೋಗ ಸಂಘ ನೆಲೆಯಾಯಿತು. 1935ರಲ್ಲಿ ಅಲ್ಲಿಯ ನಿವಾಸಿಗಳಿಗೆ ಸೋಯಾ ಅವರೆ ಉಣಿಸಿ ನೋಡುವ ಪ್ರಯೋಗ ನಡೆಯಿತು, ‘ಹರಿಜನ’ ಪತ್ರಿಕೆಯಲ್ಲಿ ಗಾಂಧೀಜಿ ಅದರ ಬಗ್ಗೆ ಬರೆದರು. ಬಡವನ ತಟ್ಟೆಗೆ ಅಗ್ಗದ ಪೋಷಣೆ ಸಿಗಬೇಕೆಂಬುದು ಉದ್ದೇಶ. ಅದೇ ಊರಿನಲ್ಲಿ 1941ರಲ್ಲಿ ಬಜಾಜರು ಗೋಸೇವಾ ಸಂಘವನ್ನು ಕಟ್ಟಿದರು. ಹಸುವಿನ ತುಪ್ಪದ ‘ಗೋರಸ ಪಾಕ’ ಇಂದಿಗೂ ವಾರ್ಧಾದ ಹೆಸರಾಂತ ತಿನಿಸು. ಒಂದೇ ಊರಿನ ಈ ಎರಡು ಅಡುಗೆಗಳನ್ನು ವಿರೋಧವೆಂದು ಕರೆಯಲು ನಮಗೆ ಮನಸ್ಸಿಲ್ಲ.

ನಾವು ಆ ರಾತ್ರಿ ಮಾಡಿದ್ದು ಇಷ್ಟು: ಸೋಯಾ ಅವರೆ ನೆನೆಸಿ, ರುಬ್ಬಿ, ಸೋಸಿ, ಚೆನ್ನಾಗಿ ಕುದಿಸಿದ ಹಾಲು, ಶೇಂಗಾ ಎಣ್ಣೆಯಲ್ಲಿ ಹುರಿದ ಗೋಧಿಹಿಟ್ಟಿಗೆ ಅದನ್ನು ಸುರಿದು ಕೈಬಿಡದೆ ತಿರುವಿದ ಬಿಳಿಯ ಗೊಜ್ಜು, ಟೊಮೆಟೊ, ಬದನೆ, ನಾಗಪುರ ಜಿಲ್ಲೆಯದೇ ಆದ ಭಿವಾಪುರದ ಮೆಣಸಿನಕಾಯಿ. ಚೀಸ್ ಉದುರಿಸಬೇಕಾದಲ್ಲಿ ಅಜ್ಜಿ ತಮ್ಮ ಡಬ್ಬಿಯಿಂದ ಅಗಸಿ ಹಿಂಡಿಯನ್ನು ತೆಗೆದು ಉದುರಿಸಿದರು. ವಿದರ್ಭದವರು ‘ಜವಸ’ ಎಂದು ಕರೆದು ಎಣ್ಣೆಗೂ ಚಟ್ನಿಗೂ ಬಳಸುವ ಅಗಸೆಯೇ ಅದು. ಓವನ್ನಿನೊಳಗೆ ಅದು ಕಂದಿದಾಗ ಬಂದ ಪರಿಮಳ ಧಾರವಾಡದ್ದೋ ನಾಗಪುರದ್ದೋ ಹೇಳಲಾಗಲಿಲ್ಲ. ಬಡಿಸುವಾಗ ಅಜ್ಜಿ ಮೊದಲ ಚಮಚ ಅಗಸೆ ಎಣ್ಣೆಯನ್ನು ಮೊಮ್ಮಗಳ ತಟ್ಟೆಗೇ ಬಿಟ್ಟರು.

ಇಂದು ವಿದರ್ಭದಲ್ಲಿ ಮಳೆಗಾಲ ಬಂತೆಂದರೆ ಹತ್ತಿಯ ಪಕ್ಕದಲ್ಲಿ ಕಣ್ಣು ಹರಿಯುವಷ್ಟು ದೂರ ಸೋಯಾ. ದೀಪಾವಳಿಯ ಹೊತ್ತಿಗೆ ಕಳಮನಾ ಮಾರುಕಟ್ಟೆಗೆ ಮೂಟೆಗಟ್ಟಲೆ ಬಂದು ಬೀಳುತ್ತದೆ. ಅದರ ಎಣ್ಣೆ ನಮ್ಮ ಬಾಣಲೆಗೆ ಬರುತ್ತದೆ, ಹಿಂಡಿಯ ಬಹುಪಾಲು ಕೋಳಿಗಳ ಮೇವಾಗುತ್ತದೆ. ಮಗನವಾಡಿಯಲ್ಲಿ ಮನುಷ್ಯರ ತಟ್ಟೆಗೆಂದು ಬೇಯಿಸಿ ನೋಡಿದ ಕಾಳನ್ನು ಅಡುಗೆಗೆಂದು ಎರಡು ಕಿಲೋ ಕೇಳಿದರೆ ಕಿರಾಣಿ ಅಂಗಡಿಯವನು ಈಗಲೂ ನಮ್ಮ ಮುಖ ನೋಡುತ್ತಾನೆ.