ನುಡಿಯನ್ನರಿಯುವ ಯಂತ್ರದ ಶಿಕ್ಷಣ

ಆಡಿದ ಮಾತನ್ನು ಕೇಳಿ ಬರೆಯುವ ಯಂತ್ರದ ನಿಷ್ಕೃಷ್ಟತೆಯು ಮೊದಲಿನಿಂದಲೂ ಆಡುವವನ ತಾಳ್ಮೆಯನ್ನು ಅವಲಂಬಿಸಿದ್ದಿತು. 1952ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ನಿರ್ಮಿತವಾದ 'ಆಡ್ರಿ' ಯಂತ್ರವು ಅಂಕಿಗಳನ್ನು ಮಾತ್ರ ಗುರುತಿಸುತ್ತಿದ್ದಿತು. ಅದೂ ಪರಿಚಿತ ಕಂಠವಾದರೆ ಮಾತ್ರ ಚೆನ್ನಾಗಿ.

1970ರ ದಶಕದಲ್ಲಿ ಫ್ರೆಡರಿಕ್ ಜೆಲಿನೆಕ್, ಜೇಮ್ಸ್ ಬೇಕರ್ ಮೊದಲಾದವರು ವ್ಯಾಕರಣಸೂತ್ರಗಳನ್ನು ನೆಚ್ಚದೆ ಸಂಭಾವ್ಯತೆಯ ಗಣಿತವನ್ನು ಆಶ್ರಯಿಸಿದರು. ಇಂಗ್ಲಿಷಿನಲ್ಲಿ 'ಟೂ' ಎಂಬ ಧ್ವನಿಯು 'ಎರಡು' ಎಂದೂ ಆಗಬಹುದು, 'ಕೂಡ' ಎಂದೂ ಆಗಬಹುದು; ನೆರೆಯ ಪದಗಳನ್ನು ನೋಡಿ ಹೆಚ್ಚು ಸಂಭವನೀಯವಾದುದನ್ನು ಆರಿಸುವುದೇ ಈ ಮಾರ್ಗ.

ಜೇಮ್ಸ್ ಮತ್ತು ಜಾನೆಟ್ ಬೇಕರ್ ದಂಪತಿಗಳು 1982ರಲ್ಲಿ ಸ್ಥಾಪಿಸಿದ ಡ್ರ್ಯಾಗನ್ ಸಂಸ್ಥೆಯ 1990ರ ತಂತ್ರಾಂಶಕ್ಕೆ ಪದಪದಕ್ಕೂ ನಿಂತು ನುಡಿಯಬೇಕಾಗಿದ್ದಿತು. 1997ರ 'ನ್ಯಾಚುರಲಿ ಸ್ಪೀಕಿಂಗ್' ಎಡೆಬಿಡದ ಮಾತನ್ನು ಗ್ರಹಿಸಿ, ಈ ವಿದ್ಯೆಯನ್ನು ಮನೆಯ ಗಣಕಕ್ಕೆ ತಂದಿತು.

ಆದರೂ ತಪ್ಪುಗಳು ನಿಲ್ಲಲಿಲ್ಲ. ಒಡೆಯನು ಗೊತ್ತಾದ ಪಾಠವನ್ನು ಮೊದಲು ಓದಿ ಕೇಳಿಸಬೇಕಾಗಿದ್ದಿತು. ಉಸಿರು ತಾಕದಂತೆ ಮೈಕನ್ನು ಬಾಯಿಯ ಪಕ್ಕಕ್ಕೆ ಇರಿಸಬೇಕಾಗಿದ್ದಿತು. ತಪ್ಪನ್ನು ಅಳಿಸಿ ಬರೆದರೆ ಬರಹವು ಶುದ್ಧವಾಗುತ್ತಿದ್ದಿತೇ ಹೊರತು ಯಂತ್ರವು ಕಲಿಯುತ್ತಿರಲಿಲ್ಲ. ತಿದ್ದುಪಡಿಯ ಆಜ್ಞೆಯಿಂದ ತಿದ್ದಿದಾಗಲೇ ಅದಕ್ಕೆ ಪಾಠವಾಗುತ್ತಿದ್ದಿತು.

ಕೈಗಳ ಸ್ವಾಧೀನ ತಪ್ಪಿದವರಿಗೆ ಇದು ವಿನೋದದ ಮಾತಲ್ಲ. ಒಂದೊಂದು ತಪ್ಪನ್ನೂ ಕಂಠದಿಂದಲೇ ತಿದ್ದಬೇಕಾದವರಿಗೆ ಯಂತ್ರದ ನಿಷ್ಕೃಷ್ಟತೆಯೆಂದರೆ, ಪರರ ಕೈಯನ್ನು ಬೇಡದೆ ಪತ್ರ ಬರೆಯುವ ಸ್ವಾತಂತ್ರ್ಯ. ಮುಂದೆ, ಅಸಂಖ್ಯ ಜನರ ಧ್ವನಿಗಳಿಂದ ಮುನ್ನವೇ ಕಲಿತ ಯಂತ್ರಗಳು ಬಂದು, ಆ ಆರಂಭಪಾಠವು ಅನಾವಶ್ಯಕವಾಯಿತು. ಆದರೆ ಮನೆಯವರ ಹೆಸರನ್ನೂ ಊರಿನ ಹೆಸರನ್ನೂ ಯಂತ್ರಕ್ಕೆ ಕಲಿಸುವ ಕೆಲಸ ಇಂದಿಗೂ ಒಡೆಯನದೇ.