ದೊಡ್ಡವರಿಗೆ ಅಕ್ಷರ: ಸುಫ್ಫಾದಿಂದ ಮಲಪ್ಪುರಂವರೆಗೆ

ಬದ್ರ್ ಕೈದಿಗಳ ವಿಷಯ ನಮ್ಮ ಜುಮಾ ಭಾಷಣಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹಿಜರಿ 2ನೇ ವರ್ಷದ ರಮಝಾನ್, ಕ್ರಿ.ಶ. 624. ಸುಮಾರು 70 ಮಂದಿ ಸೆರೆ ಸಿಕ್ಕಿದ್ದರು. ಬಿಡುಗಡೆಗೆ ಕೊಡಬೇಕಾದ ಹಣ ಅವರವರ ಸ್ಥಿತಿಗತಿಗೆ ತಕ್ಕಂತೆ ಒಂದು ಸಾವಿರದಿಂದ ನಾಲ್ಕು ಸಾವಿರ ದಿರ್ಹಮ್‌ವರೆಗೆ ಇತ್ತು. ಕೈಯಲ್ಲಿ ಕಾಸಿಲ್ಲದ, ಆದರೆ ಬರೆಯಲು ಬಲ್ಲ ಕೈದಿಗಳು ಮದೀನಾದ ಹತ್ತು ಹತ್ತು ಮಂದಿಗೆ ಬರಹ ಕಲಿಸಿದರೆ ಸಾಕು, ಅದೇ ಅವರ ಪರಿಹಾರಧನ ಎಂದು ಪ್ರವಾದಿ(ಸ) ತೀರ್ಮಾನಿಸಿದರು. ಮನೆ, ಆಸ್ತಿ, ವ್ಯಾಪಾರ ಎಲ್ಲವನ್ನೂ ಮಕ್ಕಾದಲ್ಲಿ ಬಿಟ್ಟು ಬಂದ ಮುಹಾಜಿರರಿಗೆ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಒಂದೊಂದು ದಿರ್ಹಮ್ ಕೂಡ ಬೇಕಾಗಿದ್ದ ಕಾಲ ಅದು. ಆ ಕಾಲದಲ್ಲಿ ಅಕ್ಷರವನ್ನು ಸಾವಿರಾರು ದಿರ್ಹಮ್‌ಗೆ ಸಮ ಎಂದು ಲೆಕ್ಕ ಹಿಡಿದರು.

ಒಂದು ಮಾತನ್ನು ಇಲ್ಲಿ ಸರಿಪಡಿಸಿಕೊಳ್ಳಬೇಕು. ಈ ಘಟನೆಯನ್ನು ವಯಸ್ಕರ ಶಿಕ್ಷಣಕ್ಕೆ ಉದಾಹರಣೆಯಾಗಿ ಹೇಳುವುದುಂಟು. ಆದರೆ ಇಬ್ನ್ ಅಬ್ಬಾಸ್(ರ)ರ ವರದಿಯಲ್ಲಿರುವುದು ಅನ್ಸಾರರ ಮಕ್ಕಳು. ಎಳೆಯ ಪ್ರಾಯದ ಕಾರಣಕ್ಕೆ ಬದ್ರ್‌ಗೆ ಕರೆದೊಯ್ಯದೆ ಬಿಟ್ಟಿದ್ದ ಝೈದ್ ಬಿನ್ ಸಾಬಿತ್(ರ) ಕೂಡ ಹೀಗೆ ಕಲಿತವರಲ್ಲಿ ಒಬ್ಬರೆಂದು ಇಬ್ನ್ ಸಅದ್ ದಾಖಲಿಸಿದ್ದಾರೆ. ಮುಂದೆ ಪವಿತ್ರ ಕುರ್‌ಆನನ್ನು ಗ್ರಂಥರೂಪದಲ್ಲಿ ಒಟ್ಟುಗೂಡಿಸುವ ಹೊಣೆ ಹೊತ್ತದ್ದು ಅವರೇ. ಯಹೂದಿಗಳೊಂದಿಗಿನ ಪತ್ರ ವ್ಯವಹಾರಕ್ಕೆ ನಂಬಿಕೆಯ ಬರಹಗಾರ ಬೇಕೆಂದು ಪ್ರವಾದಿ(ಸ) ಹೇಳಿದಾಗ, ಅರ್ಧ ತಿಂಗಳೊಳಗೆ ಅವರ ಲಿಪಿಯನ್ನು ಕಲಿತದ್ದೂ ಅವರೇ. ಒಂದು ಕೆಲಸದ ಅಗತ್ಯಕ್ಕಾಗಿ ಕಲಿತ ಲಿಪಿ ಅದು.

ಹಾಗಾದರೆ ದೊಡ್ಡವರು ಎಲ್ಲಿ ಕಲಿತರು? ಮಸೀದಿಯಲ್ಲಿ. ಮಸ್ಜಿದುನ್ನಬವಿಯ ಒಂದು ಬದಿಯಲ್ಲಿ ನೆರಳಿಗೆ ಚಪ್ಪರ ಹಾಕಿದ ಜಾಗ, ಸುಫ್ಫಾ. ಅಲ್ಲಿದ್ದವರಿಗೆ ಮನೆಯಿಲ್ಲ, ಕುಟುಂಬವಿಲ್ಲ, ಹಲವರಿಗೆ ಮೈಮೇಲೆ ಸರಿಯಾದ ಬಟ್ಟೆಯೂ ಇಲ್ಲ. ಕೆಲವರು ಹಗಲು ಸೌದೆ ತಂದು ಮಾರಿ ಹೊಟ್ಟೆ ಹೊರೆಯುತ್ತಿದ್ದರು. ಅವರಲ್ಲಿ ಕೆಲವರಿಗೆ ಕುರ್‌ಆನ್ ಮತ್ತು ಬರಹ ಕಲಿಸಿದವರು ಉಬಾದ ಬಿನ್ ಸಾಮಿತ್(ರ). ಕಲಿತ ಒಬ್ಬರು ಪ್ರೀತಿಯಿಂದ ಅವರಿಗೆ ಒಂದು ಬಿಲ್ಲನ್ನು ಉಡುಗೊರೆಯಾಗಿ ಕೊಟ್ಟರು. ಇದೇನು ಹಣವಲ್ಲವಲ್ಲ, ಅಲ್ಲಾಹನ ಮಾರ್ಗದಲ್ಲಿ ಬಳಸಿದರಾಯಿತು ಎಂದುಕೊಂಡರೂ ಉಬಾದ(ರ)ರ ಮನಸ್ಸು ಒಪ್ಪದೆ ಪ್ರವಾದಿ(ಸ)ರಲ್ಲಿ ಕೇಳಿದರು. ಸಿಕ್ಕಿದ್ದು ಕಟುವಾದ ಎಚ್ಚರಿಕೆ. ಅಬೂದಾವೂದ್‌ನಲ್ಲಿ ಇದು ಬಂದಿದೆ. (ಇದನ್ನೇ ಹಿಡಿದುಕೊಂಡು ಯಾವ ಜಮಾಅತಿನವರೂ ಉಸ್ತಾದರ ಸಂಬಳ ನಿಲ್ಲಿಸಬೇಡಿ. ಕಲಿಸುವುದನ್ನೇ ಜೀವನೋಪಾಯ ಮಾಡಿಕೊಂಡವರ ವೇತನವನ್ನು ನಂತರದ ಫುಕಹಾಗಳು ಒಪ್ಪಿದ್ದಾರೆ.) ಇಲ್ಲಿ ನೋಡಬೇಕಾದದ್ದು ಬೇರೆ: ಬಲ್ಲವನು ಬಡವನಿಗೆ ಕಲಿಸಿದ್ದು ಉಪಕಾರವಲ್ಲ, ಅದಕ್ಕೆ ಪ್ರತಿಫಲ ನಿರೀಕ್ಷಿಸುವಂತಿಲ್ಲ.

ಹೆಂಗಸರ ವಿಷಯದಲ್ಲಿ ಶಿಫಾ ಬಿನ್ತ್ ಅಬ್ದುಲ್ಲಾ(ರ)ರ ಹೆಸರು ಬರುತ್ತದೆ. ಪ್ರವಾದಿ ಪತ್ನಿ ಹಫ್ಸಾ(ರ)ರಿಗೆ ಬರಹ ಕಲಿಸಿದವರು ಅವರು. ಮದುವೆಯಾದ ಹೆಣ್ಣುಮಗಳಿಗೆ ಇನ್ನೇಕೆ ಓದು ಎಂಬ ಮಾತು ಇವತ್ತಿಗೂ ನಮ್ಮ ಮನೆಗಳಲ್ಲಿ ಕೇಳುತ್ತದೆಯಲ್ಲ, ಅದಕ್ಕಾಗಿ ನೆನಪಿಸಿದೆ.

ಬರಹ ಯಾಕೆ ಬೇಕಿತ್ತು ಎಂಬುದಕ್ಕೆ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವನ್ನು, ಅಲ್‌ಬಕರ ಅಧ್ಯಾಯದ 282ನೆಯದನ್ನು ನೋಡಬೇಕು. ಅದರ ವಿಷಯ ಸಾಲ. ಅವಧಿ ಇಟ್ಟು ಸಾಲದ ವ್ಯವಹಾರ ಮಾಡಿದರೆ ಬರೆದಿಡಬೇಕು, ಸಣ್ಣದಿರಲಿ ದೊಡ್ಡದಿರಲಿ ಬೇಸರಿಸಬಾರದು, ಬರೆಯಬಲ್ಲವನು ಬರೆಯಲು ನಿರಾಕರಿಸಬಾರದು ಎಂದು ಅದು ಹೇಳುತ್ತದೆ. ಇದರಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಅಂಶವಿದೆ. ಪತ್ರದ ಒಕ್ಕಣೆಯನ್ನು ಹೇಳಬೇಕಾದವನು ಸಾಲ ಕೊಟ್ಟವನಲ್ಲ, ಸಾಲ ಪಡೆದವನು. ಅವನು ಅಶಕ್ತನಾದರೆ ಅವನ ಪರವಾಗಿ ಅವನ ಪೋಷಕ ನ್ಯಾಯದಿಂದ ಹೇಳಿ ಬರೆಸಬೇಕು. ಹೊಣೆ ಯಾರ ಮೇಲಿದೆಯೋ ಪತ್ರ ಅವನ ಮಾತಿನಲ್ಲಿರಬೇಕು ಎಂದರ್ಥ.

ಈಗ ನಮ್ಮಲ್ಲಿ ಹೇಗಿದೆ? ಕೊಡುವವರು ಮೊದಲೇ ಅಚ್ಚು ಹಾಕಿಸಿದ ಕಾಗದ, ಪಡೆಯುವವನ ಹೆಬ್ಬೆಟ್ಟು. ಜುಮಾ ಮುಗಿದ ಮೇಲೆ ಮಸೀದಿಯ ಹೊರಜಗಲಿಯಲ್ಲಿ ಒಂದು ಲಕೋಟೆ ಹಿಡಿದು ನಿಲ್ಲುವ ಹಿರಿಯರು ಇಲ್ಲದ ಊರಿಲ್ಲ. ಬ್ಯಾಂಕಿನ ನೋಟಿಸು, ಸ್ತ್ರೀಶಕ್ತಿ ಸಂಘದ ಪಾಸ್‌ಪುಸ್ತಕ, ಮಗನ ಗಲ್ಫ್ ಕೆಲಸದ ಕರಾರುಪತ್ರ. ಸಹಿ ಹಾಕಿ ಆಗಿರುತ್ತದೆ. ಏನು ಬರೆದಿದೆ ಎಂದು ಕೇಳಲು ಆಮೇಲೆ ಬರುತ್ತಾರೆ.

ಈ ಚಿತ್ರವನ್ನು ಬದಲಿಸಲು ಒಂದು ಜಿಲ್ಲೆಯ ಜನರೇ ಮುಂದಾದ ಇತಿಹಾಸ ನಮ್ಮ ಪಕ್ಕದಲ್ಲೇ ಇದೆ. ಕೇರಳದ ಮಲಪ್ಪುರಂ ಮುಸ್ಲಿಮರೇ ಹೆಚ್ಚಿರುವ ಜಿಲ್ಲೆ. ಮಾಪಿಳ್ಳೆಯರಿಗೆ ಓದು ಗೊತ್ತಿರಲಿಲ್ಲ ಎಂದರೆ ತಪ್ಪಾಗುತ್ತದೆ. ಮಲಯಾಳ ಭಾಷೆಯನ್ನು ಅರಬಿ ಅಕ್ಷರಗಳಲ್ಲಿ ಬರೆಯುವ ಅರಬಿಮಲಯಾಳಂ ಅವರಲ್ಲಿ ಶತಮಾನಗಳಿಂದ ಇತ್ತು. ಕೋಝಿಕ್ಕೋಡಿನ ಖಾಝಿ ಮುಹಮ್ಮದ್ 1607ರಲ್ಲಿ ರಚಿಸಿದ ಮುಹ್ಯಿದ್ದೀನ್ ಮಾಲೆ ಆ ಲಿಪಿಯಲ್ಲಿದೆ. ಮನೆಯ ಹೆಂಗಸರು ಅದನ್ನು ಹಾಡುತ್ತಿದ್ದರು. ದಕ್ಷಿಣ ಕನ್ನಡದ ಮದ್ರಸಾಗಳಲ್ಲಿ ಕಲಿತ ಹಿರಿಯರಿಗೂ ಆ ಲಿಪಿಯ ಪಾಠಪುಸ್ತಕಗಳ ನೆನಪಿರಬಹುದು. ಆದರೆ ಬಸ್ಸಿನ ಬೋರ್ಡು, ರೇಷನ್ ಕಾರ್ಡು, ಆಸ್ಪತ್ರೆಯ ಚೀಟಿ, ಕೂಲಿಯ ಪಟ್ಟಿ ಯಾವುದೂ ಆ ಲಿಪಿಯಲ್ಲಿ ಇರಲಿಲ್ಲ. ಮನೆಯೊಳಗೆ ಓದಬಲ್ಲವಳು ಅಂಗಳ ದಾಟಿದರೆ ನಿರಕ್ಷರಿ.

ರಾಷ್ಟ್ರೀಯ ಸಾಕ್ಷರತಾ ಮಿಷನ್ 1988ರಲ್ಲಿ ಆರಂಭವಾಯಿತು. ಮರುವರ್ಷ ಎರ್ನಾಕುಳಂ ಜಿಲ್ಲೆಯಲ್ಲಿ ಕೇರಳ ಶಾಸ್ತ್ರಸಾಹಿತ್ಯ ಪರಿಷತ್ತಿನವರು ಜಿಲ್ಲಾಡಳಿತದ ಜೊತೆ ಸೇರಿ ಮನೆ ಮನೆಗೆ ಹೊರಟರು. ಸಂಬಳವಿಲ್ಲದ ಸಾವಿರಾರು ಸ್ವಯಂಸೇವಕರು ಕಲಿಸಲು ಬಂದರು. ಆಗ ಗೊತ್ತಾದ ಒಂದು ಸಂಗತಿ ನನಗೆ ಬಹಳ ಹಿಡಿಸಿದೆ. ಎಷ್ಟು ಹೇಳಿದರೂ ಅಕ್ಷರ ಹತ್ತದ ಅನೇಕರಿಗೆ ಬುದ್ಧಿಯ ಕೊರತೆ ಇರಲಿಲ್ಲ, ಕಣ್ಣು ಮಂಜಾಗಿತ್ತು ಅಷ್ಟೇ. ಜನರಿಂದ ಹಳೆಯ ಕನ್ನಡಕಗಳನ್ನು ಸಾವಿರಗಟ್ಟಲೆ ಸಂಗ್ರಹಿಸಿ, ಯಾರ ಕಣ್ಣಿಗೆ ಯಾವುದು ಹೊಂದುತ್ತದೆ ಎಂದು ನೋಡಿ ಹಂಚಿದರು. ದೊಡ್ಡವರಿಗೆ ಕಲಿಸುವುದೆಂದರೆ ಇಂಥ ಕೆಲಸವೂ ಅದರೊಳಗೆ ಬರುತ್ತದೆ. 1990ರ ಫೆಬ್ರವರಿ 4ರಂದು ಎರ್ನಾಕುಳಂ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆಯಾಯಿತು. ಆಮೇಲೆ ಆಂದೋಲನ ಇಡೀ ಕೇರಳಕ್ಕೆ ಹರಡಿತು.

1991ರ ಏಪ್ರಿಲ್ 18ರಂದು ಕೋಝಿಕ್ಕೋಡಿನ ಮಾನಾಂಚಿರ ಮೈದಾನದಲ್ಲಿ ದೊಡ್ಡ ಸಭೆ. ಕೇರಳ ಸಂಪೂರ್ಣ ಸಾಕ್ಷರ ರಾಜ್ಯ ಎಂಬ ಘೋಷಣೆಯನ್ನು ಮಾಡಿದವರು ಮಂತ್ರಿಯೂ ಅಲ್ಲ, ಅಧಿಕಾರಿಯೂ ಅಲ್ಲ. ಮಲಪ್ಪುರಂ ಜಿಲ್ಲೆಯ ಕಾವನೂರಿನ ಚೇಲಕ್ಕೋಡನ್ ಆಯಿಶಾ, ಅದೇ ಆಂದೋಲನದಲ್ಲಿ ಅಕ್ಷರ ಕಲಿತ ಹಿರಿಯ ಮಹಿಳೆ.

ಅದೇ ಜಿಲ್ಲೆಯ ತಿರೂರಂಗಾಡಿಯ ಬಳಿ ವೆಳ್ಳಿಲಕ್ಕಾಡಿನಲ್ಲಿ ಕೆ.ವಿ. ರಾಬಿಯಾ ಇದ್ದರು. ಪೋಲಿಯೊದಿಂದ ಕಾಲಿನ ಬಲ ಹೋಗಿ, ಕಾಲೇಜು ಓದನ್ನು ನಡುವೆಯೇ ಬಿಡಬೇಕಾಗಿ ಬಂದ ಯುವತಿ. 1990ರ ಜೂನ್‌ನಲ್ಲಿ ಊರಿನ ದೊಡ್ಡವರಿಗಾಗಿ ಅಕ್ಷರ ತರಗತಿ ಶುರು ಮಾಡಿದರು. ಆಕೆ ಜನರ ಬಳಿಗೆ ನಡೆದು ಹೋಗುವಂತಿರಲಿಲ್ಲ, ಜನರೇ ಬಂದರು. ಎಂಟು ವರ್ಷದ ಮಗು ಮತ್ತು ಎಂಬತ್ತರ ಅಜ್ಜಿ ಒಂದೇ ತರಗತಿಯಲ್ಲಿ ಕೂತಿದ್ದನ್ನು ಪರಿಶೀಲನೆಗೆ ಬಂದ ಅಧಿಕಾರಿಗಳು ಕಂಡರು. ಆಗ ರಾಬಿಯಾ ತನಗೆ ಏನನ್ನೂ ಕೇಳಲಿಲ್ಲ. ಊರಿಗೆ ರಸ್ತೆ, ನೀರು, ವಿದ್ಯುತ್, ಟೆಲಿಫೋನ್ ಬೇಕೆಂದರು. ಸ್ವಲ್ಪ ದಿನಗಳಲ್ಲೇ 1.7 ಕಿಲೋಮೀಟರ್ ರಸ್ತೆ ಮಂಜೂರಾಯಿತು. ಅದಕ್ಕೆ ಬಿದ್ದ ಹೆಸರು ಅಕ್ಷರ ರಸ್ತೆ. ಮುಂದೆ ಅವರು ಹೆಂಗಸರ ದುಡಿಮೆಗೆಂದು ಚಿಕ್ಕ ತಯಾರಿಕಾ ಘಟಕ ಮತ್ತು ಗ್ರಂಥಾಲಯವನ್ನೂ ನಡೆಸಿದರು. 2022ರಲ್ಲಿ ಪದ್ಮಶ್ರೀ ಬಂತು, 2025ರ ಮೇ ತಿಂಗಳಲ್ಲಿ ತೀರಿಕೊಂಡರು. ಅಲ್ಲಾಹನು ಅವರಿಗೆ ಮಗ್ಫಿರತ್ ನೀಡಲಿ.

ಸಂಪೂರ್ಣ ಸಾಕ್ಷರ ಎಂದ ಮೇಲೂ ಕೆಲಸ ಮುಗಿಯಲಿಲ್ಲ. ಹೆಸರು ಬರೆಯಲು ಬಂದವರಿಗೆ ಕಂಪ್ಯೂಟರ್ ಮುಂದೆ ಮತ್ತೆ ಅದೇ ಕತ್ತಲೆ. 2002ರ ನವೆಂಬರ್ 18ರಂದು ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಮಲಪ್ಪುರಂ ಜಿಲ್ಲೆಯ ಅಕ್ಷಯ ಯೋಜನೆಗೆ ಚಾಲನೆ ಕೊಟ್ಟರು. ಪ್ರತಿ ಮನೆಯಿಂದ ಒಬ್ಬರಿಗಾದರೂ ಕಂಪ್ಯೂಟರ್ ಬಳಕೆ ಕಲಿಸುವುದು ಅದರ ಗುರಿ. ಗಂಡಸರು ಗಲ್ಫ್‌ನಲ್ಲಿದ್ದ ಮನೆಗಳಿಂದ ಸಹಜವಾಗಿಯೇ ಹೆಂಗಸರು ಬಂದರು. ಮೌಸ್ ಹಿಡಿಯುವುದು, ಮಲಯಾಳದಲ್ಲಿ ಟೈಪ್ ಮಾಡುವುದು, ಇಮೇಲ್ ಕಳಿಸುವುದು, ದೂರದಲ್ಲಿರುವ ಗಂಡನ ಜೊತೆ ಇಂಟರ್ನೆಟ್‌ನಲ್ಲಿ ಮಾತಾಡುವುದು. ಬೇರೆಯವರ ಕೈಯಿಂದ ಪತ್ರ ಬರೆಸಿ, ಬೇರೆಯವರ ಬಾಯಿಂದ ಓದಿಸಿಕೊಳ್ಳುವಾಗ ಮನೆಯ ಗುಟ್ಟು ಮನೆಯಲ್ಲಿ ಉಳಿಯುವುದಿಲ್ಲ. ಆ ಕಷ್ಟ ತಪ್ಪಿದ್ದೇ ಅವರಿಗೆ ದೊಡ್ಡದಾಗಿತ್ತು.

ಅಕ್ಷಯ ಕೇಂದ್ರಗಳು ಈಗ ಕೇರಳದ ಉದ್ದಕ್ಕೂ ಇವೆ. ಆದರೆ ಅವು ಹೆಚ್ಚಾಗಿ ಅರ್ಜಿ ತುಂಬಿಸುವ ಕೇಂದ್ರಗಳಾಗಿವೆ, ನಮ್ಮ ಗ್ರಾಮ ಒನ್ ಕೇಂದ್ರಗಳಂತೆಯೇ. ಜನ ಹೋಗಿ ಸಾಲಿನಲ್ಲಿ ಕೂರುತ್ತಾರೆ, ಒಳಗಿದ್ದವರು ಟೈಪ್ ಮಾಡುತ್ತಾರೆ, ಬಂದವರು ಒಟಿಪಿ ಹೇಳಿ ಹಣ ಕೊಟ್ಟು ಹಿಂತಿರುಗುತ್ತಾರೆ. ತುಂಬಿಸಿದ್ದು ಏನೆಂದು ತಿಳಿಯಬೇಕಾದರೆ ಶುಕ್ರವಾರ ಮತ್ತೆ ಆ ಕಾಗದ ಮಸೀದಿಯ ಜಗಲಿಗೆ ಬರುತ್ತದೆ.